ಮಿಡಿದಾರ ಕಲಿತ ದಾರಿ

ಇಳಕಲ್, ೨೧೯೪ನೇ ಇಸವಿ, ಹದಿಮೂರನೇ ತಿಂಗಳ ಎರಡನೇ ಮಂಗಳವಾರ

ದಾರಿ ತೋರುವ ಯಂತ್ರವನ್ನು ಈಗಷ್ಟೇ ಮೈಮೇಲೆ ಧರಿಸುತ್ತಿರುವ ಕಣ್ಣಿಲ್ಲದ ಬಂಧುಗಳಿಗೆ, ಅದನ್ನು ತಯಾರಿಸುವವರಿಗೆ, ಸುವರ್ಣಾಳ ನಮಸ್ಕಾರ.

ಇಸವಿ ಓದಿ ಗಾಬರಿಯಾಗಬೇಡಿ, ನಿಮ್ಮ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಮಗೆ ತಿಂಗಳು ಒಂದು ಹೆಚ್ಚಾದಂತೆ ಮಾತುಗಳೂ ಒಂದಿಷ್ಟು ಹೆಚ್ಚಿವೆ. ಮಿಡಿದಾರ ಅಂಥದೊಂದು ಮಾತು. ಉಡಿದಾರದಂತೆ ಸೊಂಟಕ್ಕೆ ಕಟ್ಟಿಕೊಳ್ಳುವ ಯಂತ್ರ. ಎಡಕ್ಕೆ ತಿರುಗಬೇಕಾದರೆ ಎಡಗಡೆ ಮಿಡಿಯುತ್ತದೆ, ಬಲಕ್ಕಾದರೆ ಬಲಗಡೆ. ಹುಟ್ಟುಕುರುಡಿಯಾದ ನಾನು ಹರೆಯದಲ್ಲಿ ಕಟ್ಟಿಕೊಂಡೆ, ಈಗ ಮೊಮ್ಮಕ್ಕಳಿದ್ದಾರೆ. ಸಂತೆಗೆ, ಮಗ್ಗದ ಮನೆಗೆ, ಬೀಗರ ಊರಿಗೆ ಯಾರ ಹಂಗೂ ಇಲ್ಲದೆ ಹೋಗಿಬಂದಿದ್ದೇನೆ. ಅದನ್ನು ದೂರಲು ಬರೆಯುತ್ತಿಲ್ಲ.

ಆದರೆ ನಮ್ಮ ಮಿಡಿದಾರ ಕಲಿಯುತ್ತದೆ. ನಾವು ಯಾವುದನ್ನು ಮತ್ತೆ ಮತ್ತೆ ತಪ್ಪಿಸಿ ನಡೆಯುತ್ತೇವೋ ಅದನ್ನು ತಾನೂ ತಪ್ಪಿಸುತ್ತದೆ, ಹೇಳುವುದೂ ಇಲ್ಲ. ಓಣಿಯ ಕಟ್ಟೆಯ ಮೇಲೆ ಕೂರುವ ನಿಂಬೆವ್ವ ಕೈಹಿಡಿದಳೆಂದರೆ ಸುಲಭಕ್ಕೆ ಬಿಡುವವಳಲ್ಲ. ಸೊಸೆಯ ಸುದ್ದಿ ಮುಗಿಯುವ ತನಕ ನಿಲ್ಲಲೇಬೇಕು. ಕೆಲವು ವರ್ಷಗಳ ಹಿಂದೆ ಮೂರ್ನಾಲ್ಕು ಸಲ ಅವಸರದಲ್ಲಿ ಆಚೆ ಬದಿಗೆ ಸರಿದು ಹೋದೆ. ಅಷ್ಟೇ ಸಾಕಾಯಿತು. ಆಮೇಲೆ ಅವಳ ದನಿ ಕೇಳದಾಯಿತು. ಮುದುಕಿ ಮಗಳ ಊರಿಗೆ ಹೋಗಿರಬೇಕು ಅಂದುಕೊಂಡೆ, ವಿಚಾರಿಸಲಿಲ್ಲ.

ಹೋದ ವಾರ ಮಿಡಿದಾರ ರಿಪೇರಿಗೆ ಹೋಗಿತ್ತು. ಅಟ್ಟದ ಮೇಲಿನ ಹಳೆಯ ಕೋಲು ಇಳಿಸಿಕೊಂಡು ಹೊರಟೆ. ಕೋಲಿನ ತುದಿ ಯಾರದೋ ಕಾಲಿಗೆ ತಾಗಿತು.

"ಬಂದ್ಯಾ ಯವ್ವಾ ಸುವರ್ಣಾ?" ಅಂದಳು ನಿಂಬೆವ್ವ. "ಇಷ್ಟ್ ವರ್ಷ ನನ್ನ ಕಟ್ಟಿ ಬಂತಂದ್ರ ಆಚಿ ಬಾಜೂಲೆ ಹೊಂಟ್ ಬಿಡ್ತಿದ್ದಿ. ಕರೀಲಿಕ್ಕೂ ಅಂಜಿಕಿ ಬಂತು. ನಾ ಏನ್ ತಪ್ಪ್ ಮಾಡಿದ್ನೆವ್ವಾ?"

ಭೂಮಿ ಬಾಯ್ತೆರೆದು ನುಂಗಬಾರದೇ ಅನ್ನಿಸಿತು. ತಪ್ಪನ್ನು ಯಂತ್ರದ ಮೇಲೆ ಹಾಕಲು ಹೊರಟಿದ್ದೆ, ನಾಚಿಕೆಯಾಯಿತು. ಅದಕ್ಕೆ ಕಲಿಸಿದವಳು ನಾನೇ.

ರಿಪೇರಿಯವರನ್ನು ಕೇಳಿದೆ. ಒಂದು ಕಟ್ಟೆಯನ್ನಷ್ಟೇ ಸರಿಪಡಿಸಲು ಬರುವುದಿಲ್ಲವಂತೆ. ಕಲಿತದ್ದನ್ನೆಲ್ಲ ಅಳಿಸಬೇಕಂತೆ, ಇಡೀ ಊರನ್ನೇ. ಈ ವಯಸ್ಸಿನಲ್ಲಿ ಎಡವುತ್ತ ಊರನ್ನು ಮತ್ತೆ ಕಲಿಯಲು ನನಗೆ ಧೈರ್ಯ ಬರಲಿಲ್ಲ. ಬೇಡವೆಂದು ಹಾಗೆಯೇ ತಂದು ಕಟ್ಟಿಕೊಂಡೆ. ಇದನ್ನು ಮನೆಯವರಿಗೂ ಹೇಳಿಲ್ಲ.

ನಿಮ್ಮ ಯಂತ್ರಗಳು ಇನ್ನೂ ಎಳೆಯವು, ಹೇಳಿದಂತೆ ಕೇಳುತ್ತವೆ. ಯಾರನ್ನಾದರೂ ತಪ್ಪಿಸಿ ಒಯ್ಯುವಾಗ ಅವರ ಹೆಸರನ್ನು ಬಾಯಿಬಿಟ್ಟು ಹೇಳುವಂತೆ ಮಾಡಿ. ಕೈಮುಗಿದು ಕೇಳುತ್ತೇನೆ.

ಇಂದು ಬೆಳಿಗ್ಗೆ ಕಟ್ಟೆಯ ಹತ್ತಿರ ಮತ್ತೆ ಎಡಗಡೆ ಮಿಡಿಯಿತು. ನಿಲ್ಲಬೇಕೆಂದೇ ಹೊರಟಿದ್ದೆ. ಇಷ್ಟು ವರ್ಷದ ರೂಢಿ, ಕಾಲು ತಾನಾಗಿ ತಿರುಗಿತು. "ಹೋಗಿ ಬಾ ಯವ್ವಾ," ಅಂದಳು ನಿಂಬೆವ್ವ ಹಿಂದಿನಿಂದ.