ಹನ್ನೆರಡು ಗಂಟೆಗೆ ಮುಗಿದ ಎಣಿಕೆ

ಮಾನ್ಯ ಡೀನ್ ಅವರೇ,

ನಮ್ಮ ಕಮ್ಯುನಿಟಿ ಕಾಲೇಜಿನ ಎರಡನೆಯ ಹಂತದ ಸಾವಯವ ರಸಾಯನಶಾಸ್ತ್ರ ತರಗತಿಯನ್ನು ಕಳೆದ ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ತಾವು ರದ್ದು ಮಾಡಿದಿರಿ. ಹದಿನೈದು ಜನ ಬೇಕಿತ್ತು, ಹದಿಮೂರು ಜನರಿದ್ದೆವು. "ಈ ಕಣಿವೆಯಲ್ಲಿ ಉನ್ನತ ವಿಜ್ಞಾನದ ಬಗ್ಗೆ ಆಸಕ್ತಿಯ ಕೊರತೆ" ಎಂದು ಕಾರಣವನ್ನೂ ಬರೆದಿರಿ. ಆ ಕೊರತೆಯನ್ನು ಎಷ್ಟು ಹೊತ್ತಿಗೆ ಅಳೆದಿರಿ ಎಂಬುದೇ ನನ್ನ ತಕರಾರು.

ವಾಷಿಂಗ್ಟನ್ ರಾಜ್ಯದ ಅರ್ಧ ಸೇಬು ವಿಂಗಡವಾಗುವ ಶೆಡ್ಡುಗಳಲ್ಲಿ ನಾವು ಬೆಳಗಿನ ಪಾಳಿಯವರು. ಬೆಲ್ಟಿನ ಮುಂದೆ ಫೋನ್ ಮುಟ್ಟುವಂತಿಲ್ಲ. ಊಟಕ್ಕೆ ಬಿಟ್ಟರೂ ಆ ತಣ್ಣನೆಯ ಕಟ್ಟಡದೊಳಗೆ ಸಿಗ್ನಲ್ ಬರುವುದಿಲ್ಲ. ನಾಲ್ಕೂವರೆಗೆ ಹೊರಬಂದು ಪಾರ್ಕಿಂಗ್‌ನಲ್ಲಿ ನಿಂತು ಮಗುವಿನ ಡಾಕ್ಟರಿಗೆ, ಮನೆ ಮಾಲೀಕನಿಗೆ, ನಿಮ್ಮ ಕಾಲೇಜಿಗೆ ಒಟ್ಟಿಗೇ ಉತ್ತರ ಕೊಡುತ್ತೇವೆ. ನಿಮ್ಮ ಪ್ರಕಟಣೆಯಲ್ಲಿ ಹೆಸರು ನೋಂದಾಯಿಸಲು ಕೊನೆಯ ದಿನ ಶುಕ್ರವಾರ ಎಂದಷ್ಟೇ ಇತ್ತು. ಕಚೇರಿಯಲ್ಲಿ ಕೂತವರ ಶುಕ್ರವಾರ ಮಧ್ಯಾಹ್ನಕ್ಕೇ ಮುಗಿಯುತ್ತದೆಂದು ನಮಗೆ ಹೇಗೆ ತಿಳಿಯಬೇಕು?

ಹಣ್ಣಿನ ಮೇಲಿನ ಔಷಧಿ ತಾಗಿ ನನ್ನ ಅಮ್ಮನ ಅಂಗೈ ಚರ್ಮ ಸುಲಿಯುತ್ತದೆ. ಆ ಔಷಧಿ ಯಾವುದು, ಎಷ್ಟು ಉಳಿದಿದೆ ಎಂದು ಪರೀಕ್ಷಿಸುವ ಪ್ರಯೋಗಾಲಯದ ಕೆಲಸ ನನಗೆ ಬೇಕು. ನೇರ ವಿಶ್ವವಿದ್ಯಾಲಯಕ್ಕೆ ಹೋಗುವ ಶಕ್ತಿ ನಮಗಿರಲಿಲ್ಲ. ನಿಮ್ಮಲ್ಲಿ ಎರಡು ವರ್ಷದ ಓದನ್ನು ಪಾಳಿಗಳ ನಡುವೆ ಐದು ವರ್ಷ ಓದಿದೆ. ಈಗ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಈ ತರಗತಿ ಮುಗಿಸಿದರೆ ಮಾತ್ರ. ನೀವು ಇದನ್ನು ಮತ್ತೆ ನಡೆಸುವುದು ಎರಡು ವರ್ಷದ ನಂತರ. ಸೀಟು ಅಲ್ಲಿಯವರೆಗೆ ಕಾಯುವುದಿಲ್ಲ.

ಇಬ್ಬರು ಕಡಿಮೆ ಎಂದು ಗೊತ್ತಾದಾಗ, ಪಕ್ಕದಲ್ಲೇ ನಿಂತು ಹಣ್ಣು ಆರಿಸುವ ಎಲ್ವಿರಾ ಅವರಿಗೆ ಗುರುವಾರ ದುಂಬಾಲು ಬಿದ್ದೆ. ಶೆಡ್ಡಿಗೆಲ್ಲ ಅವರು ಚಿಕ್ಕಮ್ಮ. ಮೊದಲ ಹಂತ ಪಾಸಾಗಿ, ಮಗಳು ಹುಟ್ಟಿದಾಗ ಓದು ಬಿಟ್ಟವರು.

"ಸುಮ್ನೆ ಹೆಸ್ರು ಕೊಡಿ ಚಿಕ್ಕಮ್ಮ. ಕ್ಲಾಸ್ ಶುರುವಾದ್ಮೇಲೆ ಬಿಟ್ಬಿಡಿ."

"ಪೆಟ್ಟಿಗೇಲಿ ಸಂದಿ ತುಂಬೋ ಕಾಗ್ದ ಅಂದ್ಕೊಂಡ್ಯೇನೇ ನನ್ನ?"

ಶುಕ್ರವಾರ ಬೆಳಿಗ್ಗೆ ಒಪ್ಪಿದರು. ಹಿಂದೆ ಅವರ ಜೊತೆಗೇ ಓದಿದ್ದ, ಈಗ ಫೋರ್ಕ್‌ಲಿಫ್ಟ್ ಓಡಿಸುವ ಡೆಲ್ಫಿನೊನನ್ನೂ ಒಪ್ಪಿಸಿದರು. ಸಂಜೆ ಪಾರ್ಕಿಂಗ್‌ನಲ್ಲಿ ಇಬ್ಬರೂ ಫೋನ್ ತೆಗೆದಾಗ ಪಟ್ಟಿಯಲ್ಲಿ ತರಗತಿಯೇ ಇರಲಿಲ್ಲ.

ಹೌದು, ನಾನು ಎಣಿಕೆ ತುಂಬಿಸಲು ಹೊರಟಿದ್ದೆ. ಅದು ತಪ್ಪೇ. ಸುಮ್ಮನೆ ತೊಂದರೆ ಕೊಟ್ಟೆ ಎಂದು ಆ ಸಂಜೆ ಚಿಕ್ಕಮ್ಮನ ಕ್ಷಮೆ ಕೇಳಿದರೆ, ಅವರು ಚೀಲದಿಂದ ಅಂಚು ಹರಿದ ಹಳೆಯ ಪಠ್ಯಪುಸ್ತಕ ತೆಗೆದರು. ಗುರುವಾರ ಸಂಜೆಯೇ ಮೂರು ಪಾಠ ಓದಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು.

"ನಿನಗೋಸ್ಕರ ಅಂದ್ಕೊಂಡಿದ್ಯಾ? ನಾನು ಕ್ಲಾಸ್ ಬಿಡೋಳಾಗಿರ್ಲಿಲ್ಲ ಕಣೇ."

ನನಗೆ ನಾಚಿಕೆಯಾಯಿತು. ಅವರ ಆಸಕ್ತಿಯನ್ನು ನೀವು ಎಣಿಸಲಿಲ್ಲ ಸರಿ, ಐದು ವರ್ಷ ಪಕ್ಕದಲ್ಲೇ ನಿಂತಿದ್ದ ನಾನೂ ಎಣಿಸಿರಲಿಲ್ಲ.

ಆದ್ದರಿಂದ ತರಗತಿಯನ್ನು ಮತ್ತೆ ತೆರೆಯಿರಿ. ಬರುವ ಶುಕ್ರವಾರ ಸಂಜೆ ಐದಕ್ಕೆ, ನಮ್ಮ ಶೆಡ್ಡಿನ ಗೇಟಿನ ಬಳಿ ಬಂದು ತಾವೇ ಎಣಿಸಿ. ಮೊದಲ ಹೆಸರು ನನ್ನದು ಬೇಡ, ಎಲ್ವಿರಾ ಅವರದು ಬರೆದುಕೊಳ್ಳಿ.

ಇಂತಿ,
ತಮ್ಮ ಲೆಕ್ಕಕ್ಕೆ ನಾಲ್ಕೂವರೆ ಗಂಟೆ ತಡವಾದವರ ಪೈಕಿ,
ಯೆಸೆನಿಯಾ ಬರಗಾನ್