ಟೇಪ್‌ರೆಕಾರ್ಡರಿನ ಗವಸು

ಅಪ್ಪ,

ಈ ಕಾಗದ ನಿನಗೆ ಮುಟ್ಟುವುದಿಲ್ಲ ಎಂದು ಗೊತ್ತಿರುವುದರಿಂದಲೇ ಬರೆಯುವ ಧೈರ್ಯ ಬಂದಿದೆ. ನಿನ್ನ ಟೇಪ್‌ರೆಕಾರ್ಡರನ್ನು ಇವತ್ತು ಒಬ್ಬನಿಗೆ ಕೊಟ್ಟುಬಿಟ್ಟೆ. ಹಳೆಯ ಸೆಟ್ಟುಗಳನ್ನು ಕೂಡಿಡುವ ಹುಚ್ಚು ಅವನಿಗೆ. ಎಷ್ಟು ಝಗಮಗ ಇದ್ದರೆ ಅಷ್ಟು ಇಷ್ಟವಂತೆ. ನೀನು ಹೊಲಿದಿದ್ದ ಬೂದು ಗವಸನ್ನು ತೆಗೆದವನೇ ಬಾಯಿ ತೆರೆದು ನಿಂತ. ಬೆಳ್ಳಿ ಬಣ್ಣದ ಹಿಡಿ, ಎರಡು ದೊಡ್ಡ ಸ್ಪೀಕರು, ಹಾಡಿಗೆ ಕುಣಿಯುವ ಕೆಂಪು ಹಸಿರು ದೀಪ, ಎಲ್ಲವೂ ಹೊಸದರಂತಿದ್ದವು.

"ಒಂದು ಗೀರೂ ಇಲ್ವಲ್ಲ. ಯಾರು ಸಾರ್ ಇಷ್ಟು ಜೋಪಾನ ಮಾಡಿದ್ದು?"

"ನಮ್ಮಪ್ಪ. ಟೈಲರ್ ಆಗಿದ್ರು," ಎಂದೆ. ಅಷ್ಟೇ ಹೇಳಿದೆ.

ಅದನ್ನು ಹೆಗಲ ಮೇಲಿಟ್ಟುಕೊಂಡು ನೀನು ಶಾಲೆಯ ಗೇಟಿಗೆ ಬಂದ ದಿನ, "ಈ ತಮಾಷೆ ಪೆಟ್ಟಿಗೆ ಹೊತ್ಕೊಂಡು ಬರಬೇಡ, ನನ್ನ ಮಾನ ಹೋಗತ್ತೆ" ಎಂದು ನಾನು ಕೂಗಾಡಿದ್ದನ್ನು ಹೇಳಲಿಲ್ಲ. ಮರುದಿನವೇ ನೀನು ನನ್ನ ಹಳೆಯ ಯೂನಿಫಾರ್ಮಿನ ಬಟ್ಟೆಯಲ್ಲಿ ಗವಸು ಹೊಲಿದಿದ್ದೆ.

ಗವಸು ಅವನಿಗೆ ಬೇಡವಾಗಿತ್ತು. ಈಗ ನನ್ನ ತೊಡೆಯ ಮೇಲಿದೆ. ದೀಪಗಳ ಜಾಗಕ್ಕೆ ಸರಿಯಾಗಿ ಒಂದು ಪುಟ್ಟ ಮುಚ್ಚಳ ಬಿಟ್ಟು ಗುಂಡಿ ಹಾಕಿದ್ದೀಯ. ನಾನು ಇವತ್ತೇ ನೋಡಿದ್ದು. ಬಿಚ್ಚಿ ಹಾಕಿ, ಬಿಚ್ಚಿ ಹಾಕಿ, ಗುಂಡಿಯ ಕಾಜ ಸವೆದುಹೋಗಿದೆ. ನನ್ನೆದುರು ನೀನು ಅದನ್ನು ಒಮ್ಮೆಯೂ ಬಿಚ್ಚಿರಲಿಲ್ಲ.