ಸೋಮವಾರದ ಪಾಲಿಶ್

ಬನವಾಸಿ
ಮಂಗಳವಾರ, ೧೮ ನವೆಂಬರ್ ೨೦೨೫

ಪ್ರೀತಿಯ ಅತ್ತೆಯವರಿಗೆ, ನಿಮ್ಮ ಬಾಯಿಬಡಕಿ ಸೊಸೆಯ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಕಿರವತ್ತಿಯಲ್ಲಿ ಚಳಿ ಶುರುವಾಗಿರಬೇಕು. ಸುವರ್ಣಕ್ಕನ ಮನೆಯ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡಬೇಡಿ. ಮೊಮ್ಮಗಳಿಗೆ ಹಲ್ಲು ಬಂತೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು ಅನ್ನುತ್ತೀರಿ. ಕೇಳಿದರೆ ನೀವು "ಎಲ್ಲಾ ಆರಾಮ ಐತವಾ, ಇಡ್ಲಾ?" ಎಂದು ಇಟ್ಟೇಬಿಡುತ್ತೀರಿ. ಇತ್ತ ಮಾವನವರು ಟೀವಿಯ ದನಿ ಸಣ್ಣಗೆ ಮಾಡಿ, ಏನೂ ಕೇಳಿಸದವರ ಹಾಗೆ ಕೂತಿರುತ್ತಾರೆ. ನಿಮ್ಮಿಬ್ಬರ ನಡುವೆ ಟವರ್ ಆಗಿ ನಿಂತು ನಿಂತು ನನಗೂ ಸಾಕಾಗಿದೆ. ನಾಳೆ ಶಂಕ್ರಪ್ಪ ಕಾಕಾ ಯಲ್ಲಾಪುರದ ಕಡೆ ಬರುತ್ತಾರಂತೆ; ಅನಾನಸ್ ಚೀಲದ ಜೊತೆ ಈ ಕಾಗದವನ್ನೂ ಅವರ ಕೈಲಿ ಕಳಿಸುತ್ತಿದ್ದೇನೆ. ಹಣ್ಣು ಹುಳಿ ಇದ್ದರೆ ಬಯ್ಯಬೇಡಿ, ಕಾಗದದಲ್ಲಿ ಸ್ವಲ್ಪ ಸಿಹಿ ಇದೆ. ನಿಮ್ಮ ಮಗ ಪವನ್ ಆರಾಮಾಗಿದ್ದಾರೆ. ಶುಂಠಿ ಕೀಳಿಸುವ ಗಡಿಬಿಡಿಯಲ್ಲಿ ಮೈಯೆಲ್ಲ ಶುಂಠಿ ವಾಸನೆ. ಪಕ್ಕದಲ್ಲಿ ಕೂತರೆ ಸಾಕು, ನನ್ನ ನೆಗಡಿ ಹೋಗುತ್ತದೆ.

ಇನ್ನು ಕಾರಿನ ಸುದ್ದಿ. ಮುಖ ತಿರುಗಿಸಬೇಡಿ, ಪೂರ್ತಿ ಓದಿ. ಆಯುಧಪೂಜೆಯ ಹಿಂದಿನ ದಿನ ನೀವು ದೀಪದ ಸಮೆ, ತಂಬಿಗೆ, ಕುಡುಗೋಲು ಎಲ್ಲ ತಿಕ್ಕಿ, ಉಳಿದ ಹುಣಸೆಹಣ್ಣು-ಬೂದಿಯನ್ನು ವ್ಯರ್ಥ ಮಾಡುವುದೇಕೆ ಎಂದು ತೆಂಗಿನ ನಾರು ಹಿಡಿದು ಕೆಂಪು ಕಾರಿನ ಬಾನೆಟ್ಟನ್ನೂ ತಿಕ್ಕಿದಿರಲ್ಲ, ಆಗ ನಾನು ಅಡುಗೆಮನೆಯಲ್ಲಿದ್ದೆ. ಇದ್ದಿದ್ದರೆ ಇನ್ನೊಂದು ನಾರು ಹಿಡಿದು ನಿಮ್ಮ ಜೊತೆ ತಿಕ್ಕುತ್ತಿದ್ದೆನೋ ಏನೋ. ಬಿ.ಕಾಂ.ನಲ್ಲಿ ಬಾನೆಟ್ ತಿಕ್ಕುವುದನ್ನು ಯಾರೂ ಕಲಿಸಿರಲಿಲ್ಲ. ಹೊರಗೆ ಬರುವಷ್ಟರಲ್ಲಿ ಬಾನೆಟ್ಟಿನ ತುಂಬ ಗೆರೆ, ಮೇಲಿಂದ ಮಾವನವರ ಗಂಟಲು: "ಕಾರಂದ್ರ ನಿನ್ನ ಹಿತ್ತಾಳಿ ತಂಬಗಿ ಏನು? ನಿನಗ ಇದೆಲ್ಲಾ ಏನ್ ತಿಳೀತೈತಿ?" ಅದೂ ಶಂಕ್ರಪ್ಪ ಕಾಕಾ ಕಟ್ಟೆಯ ಮೇಲೆ ಕೂತಿದ್ದಾಗ. ನೀವು ಕೈ ತೊಳೆದಿರಿ. ಹಬ್ಬ ಮುಗಿಸಿ, ಮಗಳು ಕರೆದಿದ್ದಾಳೆ ಎಂದು ಬಸ್ಸು ಹತ್ತಿದಿರಿ. ಮಗಳು ಕರೆದಿರಲಿಲ್ಲ ಅಂತ ಸುವರ್ಣಕ್ಕ ನನಗೆ ಹೇಳಿಬಿಟ್ಟಿದ್ದಾಳೆ. ಅವಳನ್ನು ಬಯ್ಯಬೇಡಿ.

ನಿಮಗೆ ಗೊತ್ತಿರುವ ಹಾಗೆ ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಟ್ಟವರಿಲ್ಲ. ಎತ್ತು ಹೋಗಿ ಕಾರು ಬಂದರೂ ಮಾವನವರ ನೇಮ ತಪ್ಪಿಲ್ಲ: ಸೋಮವಾರ ಕಾರು ಹೂಡುವುದಿಲ್ಲ, ಮೈ ತೊಳೆದು ವಿಭೂತಿ ಹಚ್ಚಿ ಕೊಟ್ಟಿಗೆಯಲ್ಲೇ ಬಿಡುವುದು. ಊರಿಗೆಲ್ಲ ವರ್ಷಕ್ಕೊಂದು ಕಾರಹುಣ್ಣಿಮೆ, ನಮಗೆ ವಾರಕ್ಕೊಂದು. ನೀವು ಹೋದಮೇಲೆ ಸ್ನಾನವೊಂದೇ ಸಾಲದೆ ಹುಬ್ಬಳ್ಳಿಯಿಂದ ಪಾಲಿಶ್ ಡಬ್ಬಿ ತರಿಸಿದರು. ಸೋಮವಾರ ಬಂತೆಂದರೆ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೂ ಅದೇ ಕಾರುಬಾರು. ನಾನು ಪೇಟೆಯಿಂದ ಮೆತ್ತನೆಯ ಬಟ್ಟೆ ತಂದುಕೊಟ್ಟರೆ ಬೇಡವೆಂದು, ನಿಮ್ಮ ಹಳೇ ನೂಲಿನ ಸೀರೆಯ ತುಂಡು ಹಿಡಿದು "ಇದರಷ್ಟು ಮೆತ್ತನ್ನ ಬಟ್ಟಿ ಎಲ್ಲೂ ಸಿಗಂಗಿಲ್ಲ" ಅಂದರು. ನಿಜ ಹೇಳುತ್ತೇನೆ, ನನಗೆ ಸಿಟ್ಟೇ ಬಂದಿತ್ತು. ಹೆಂಡತಿ ಮುನಿಸಿಕೊಂಡು ಹೋಗಿದ್ದರೆ ಇವರು ಕಾರಿನ ಕೆನ್ನೆ ಸವರುತ್ತ ಕೂತಿದ್ದಾರಲ್ಲ ಎಂದು.

ಹೋದ ವಾರ ಆ ಸೀರೆ ತುಂಡಿಗೆ ಕೆಂಪು ಹತ್ತಿತ್ತು. ನಾನು ಕುಂಕುಮ ಅಂದುಕೊಂಡೆ. ಮಾವನವರು ಮಾತ್ರ ಅದನ್ನು ನೋಡಿದವರೇ ಬೆವರಿಬಿಟ್ಟರು. ಶನಿವಾರ ಅವರನ್ನೂ ಕಾರನ್ನೂ ಕಟ್ಟಿಕೊಂಡು ಶಿರಸಿಗೆ ಹೋದೆ. ನನ್ನ ಕಾಲೇಜಿನ ಗೆಳತಿ ಭೂಮಿಕಾ ಅಲ್ಲಿ ಕಾರು ತೊಳೆಯುವ, ಹೊಳೆಯಿಸುವ ಅಂಗಡಿ ಇಟ್ಟಿದ್ದಾಳೆ. ಮಾತಿನಲ್ಲಿ ನನ್ನ ಅಕ್ಕ. ವಾರವಾರ ಪಾಲಿಶ್ ಎಂದು ಕೇಳಿ ಸೊಂಟದ ಮೇಲೆ ಕೈಯಿಟ್ಟಳು. "ಎಂತ ಕಾಕಾ, ಕಾರಿಗೆ ಮತ್ತೆ ಚರ್ಮ ಬೆಳೀತದಾ? ಪಾಲಿಶ್ ಅಂದ್ರೆ ಹಚ್ಚೋದಲ್ಲ, ಹೆರೆಯೋದು!" ಬಣ್ಣದ ಮೇಲೆ ಗಾಜಿನಂಥ ತೆಳು ಪದರವಿರುತ್ತದಂತೆ, ಪ್ರತಿ ಪಾಲಿಶಿಗೂ ಅದು ಸವೆಯುತ್ತದಂತೆ. ನಮ್ಮ ಬಾನೆಟ್ಟಿನ ಅಂಚಿನಲ್ಲಿ ಅದು ತೀರಿಹೋಗಿ, ಬಣ್ಣವೇ ಬಟ್ಟೆಗೆ ಬಂದಿತ್ತು. ಹಾಗಾದರೆ ಎಷ್ಟು ದಿನಕ್ಕೊಮ್ಮೆ ಏನು ಮಾಡಬೇಕು ಎಂದು ನಾನೇ ಕೇಳಿದೆ. ತೊಳೆದಮೇಲೆ ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ ನೋಡಬೇಕಂತೆ, ರವೆಯ ಹಾಗೆ ತರಿತರಿ ಸಿಕ್ಕರೆ ಮಾತ್ರ ಕ್ಲೇ ಎಂಬ ಮೆತ್ತನೆಯ ಮುದ್ದೆ ಬೇಕಂತೆ. ಅದೊಂಥರ ಹೋಳಿಗೆಯ ಕಣಕ. ಸೋಪುನೀರು ಹಾಕಿ ಮೆಲ್ಲಗೆ ಜಾರಿಸಿದರೆ ಮರದ ಅಂಟು, ರಸ್ತೆಯ ಡಾಂಬರು ಎಲ್ಲ ಅದಕ್ಕೆ ಹತ್ತಿಕೊಂಡು ಬರುತ್ತದೆ. ನಮ್ಮ ಕಡೆಗೆ ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಸಾಕಂತೆ. ಪಾಲಿಶಿಗೆ ತಿಥಿ-ವಾರವಿಲ್ಲ. ಗೆರೆ ಕಣ್ಣಿಗೆ ಚುಚ್ಚಿದಾಗ ಮಾತ್ರ. ವರ್ಷಕ್ಕೊಂದು ಸಲವೂ ಹೆಚ್ಚೇ. ವ್ಯಾಕ್ಸ್ ಅನ್ನುವ ಮೇಣ ಮಾತ್ರ ಎರಡು-ಮೂರು ತಿಂಗಳಿಗೊಮ್ಮೆ, ನೀರು ಮುತ್ತಾಗಿ ನಿಲ್ಲುವುದು ಬಿಟ್ಟು ಹರಡತೊಡಗಿದಾಗ. ಅದು ರೊಟ್ಟಿಗೆ ಬೆಣ್ಣೆ ಸವರಿದ ಹಾಗೆ, ಏನನ್ನೂ ಹೆರೆಯುವುದಿಲ್ಲ.

ಮಾವನವರು ಎಲ್ಲ ಕೇಳಿ, ಬಾನೆಟ್ಟಿನ ನಡುವೆ ಬೆರಳಿಟ್ಟು, "ಇಲ್ಲಿ ಇನ್ನೂ ಎರಡ ಗೆರಿ ಅದಾವಲ್ಲವಾ, ಹೋಗಂಗಿಲ್ಲೇನು?" ಅಂದರು. ಭೂಮಿಕಾ, "ಅವನ್ನ ತೆಗೀಲಿಕ್ಕೆ ಹೋದ್ರೆ ಬಣ್ಣಾನೇ ಹೋಗ್ತದೆ ಕಾಕಾ. ಇದ್ದಷ್ಟು ಇರ್ಲಿ, ಮೇಲಿಂದ ವ್ಯಾಕ್ಸ್ ಹಚ್ಚಿ ಕೊಡ್ತೆ" ಎಂದಳು. ವಾಪಸ್ಸು ಬರುವಾಗ ದಾರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಕಪ್ಪು ಖಾಲಿಯಾದಮೇಲೆ ಅವರು ಕಾರಿನ ಕಡೆ ನೋಡುತ್ತ ಹೇಳಿದರು: "ಆಕಿ ಬಂದಾಗ ಈ ಗೆರಿ ಕಣ್ಣಿಗೆ ಬೀಳ್ತಾವ. ತಾನ ಮಾಡಿದ್ದು ಅಂತ ಮತ್ತ ಮನಸಿಗೆ ಹಚ್ಕೊಳ್ತಾಳ. ಅದಕ್ಕ ತೆಗದ್ ಇಡೋಣಂತ ಮಾಡಿದ್ದೆ."

ಅತ್ತೆ, ನಾನು ನನ್ನ ಪಾಲಿನ ಬಿಸ್ಕೀಟನ್ನೂ ಅವರ ಕೈಗಿಟ್ಟೆ.

ಸುವರ್ಣಕ್ಕನಿಗೂ ಅಳಿಯಂದಿರಿಗೂ ನಮಸ್ಕಾರ. ಮೊಮ್ಮಗಳ ಕೆನ್ನೆಗೊಂದು ಮುತ್ತು, ಹೆರೆಯದ ಹಾಗೆ. ನಿಮ್ಮ ಆಶೀರ್ವಾದ ನಮ್ಮ ಮೇಲೆ ವ್ಯಾಕ್ಸಿನಂತೆ ಹೊಳೆಯುತ್ತಿರಲಿ.

ನಿಮ್ಮ
ವಾಣಿಶ್ರೀ

ತಾ.ಕ.: ಶಂಕ್ರಪ್ಪ ಕಾಕಾ ಚೀಲ ಇವತ್ತೇ ಕೊಟ್ಟುಬಿಡು ಎಂದು ಅವಸರ ಮಾಡುತ್ತಿದ್ದಾರೆ, ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ನಿನ್ನೆ ಸೋಮವಾರ ಪಾಲಿಶ್ ಇಲ್ಲದೆ ಮಾವನವರು ಕೈ ಎಲ್ಲಿಡಬೇಕೆಂದು ತಿಳಿಯದೆ ಕಟ್ಟೆಯ ಮೇಲೆ ಒದ್ದಾಡಿದರು. ರಾತ್ರಿ ಊಟಕ್ಕೆ ಕೂತು, "ಬರೋ ಸೋಮವಾರ ಕಾರ್ ತಗೊಂಡು ಕಿರವತ್ತಿಗೆ ಹೋಗಿಬರೂಣು" ಎಂದರು. ಸೋಮವಾರ, ಅತ್ತೆ! ಪವನ್ ತುತ್ತು ನುಂಗುವುದನ್ನೇ ಮರೆತರು. ಅಲ್ಲಿ ಬಂದು ಇಂಜಿನ್ ಓಡಿಸಿ ನೋಡಲು ಬಂದೆ ಅನ್ನುತ್ತಾರೆ, ಹೂಂ ಅನ್ನಿ. ಗೆರೆ ಹುಡುಕಬೇಡಿ. ಬಟ್ಟೆ ಕಟ್ಟಿಕೊಂಡಿರಿ; ಮುಂದಿನ ಸೀಟಿಗೆ ನಿಮ್ಮ ಕೌದಿ ಈಗಲೇ ಹಾಸಿದ್ದಾರೆ, ನನಗೆ ಹಿಂದೆ ಕೂರಲು ಹೇಳಿದ್ದಾರೆ.